ವಿಂಡೋಸೋ, ಲಿನಕ್ಸೋ? ಮೊದಲು ಕಡತ ನೋಡಿ

ನಿಮ್ಮ ಶಾಲೆಯ ಗಣಕದಲ್ಲಿ ಇನ್ನೂ ವಿಂಡೋಸ್ 10 ಇದೆಯೆ? ಅದರ ಉಚಿತ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ಇವಿಲ್ಲವೆಂದು ಸುಸ್ಥಿತಿಯ ಯಂತ್ರವನ್ನು ಗುಜರಿಗೆ ಹಾಕಬೇಕೆ?

ಇಲ್ಲಿ ಲಿನಕ್ಸ್ ಪರವಾದ ವಾದ ಬಲವಾಗಿದೆ. ಉಬುಂಟು 24.04 ಉಚಿತ; 2029ರವರೆಗೆ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಅಂತರಜಾಲ, ಪತ್ರ, ಅಂಕಪಟ್ಟಿ ಮುಂತಾದ ದಿನನಿತ್ಯದ ಕೆಲಸಗಳಿಗೆ ಧಾರಾಳವಾಗಿ ಸಾಕು. ಆದರೆ ‘ಎಲ್ಲವೂ ಸುಲಭ’ ಎಂಬ ಅಭಿಮಾನಿಗಳ ಮಾತನ್ನು ಪೂರ್ತಿ ಒಪ್ಪಲಾಗದು. ವರ್ಡ್ ಕಡತವನ್ನು ಲಿಬ್ರೆಆಫೀಸಿನಲ್ಲಿ ತೆರೆದರೆ ಪುಟವಿನ್ಯಾಸ ಕದಲಬಹುದು. ವಿಂಡೋಸ್‌ಗೆಂದೇ ರಚಿಸಿದ ಕೆಲವು ತಂತ್ರಾಂಶಗಳು ನಡೆಯಲಾರವು.

ನಮಗಿರುವ ದೊಡ್ಡ ತೊಡಕು ಬೇರೆ. ನುಡಿ, ಬರಹದ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುತ್ತಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ, ಅದು ವಿಂಡೋಸ್ ಆಗಿದ್ದರೂ, ನಿಮ್ಮ ಪ್ರಶ್ನೆಪತ್ರಿಕೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ.

ಆದ್ದರಿಂದ ಮೊದಲು ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಬಳಿಕ ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ, ಪ್ರಿಂಟರ್, ಧ್ವನಿ, ಕನ್ನಡ ಟೈಪಿಂಗ್ ಪರೀಕ್ಷಿಸಿ. ಇದಕ್ಕೆ ಹಾರ್ಡ್‌ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಎಲ್ಲವೂ ಸರಿಯಿದ್ದರೆ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ಮಕ್ಕಳ ಕೈಗೆ ಸಿಕ್ಕೀತು.