ಗೈಡುಗಳಲ್ಲಿ ಇಲ್ಲದ ಹುಡುಗಿ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಊರುಗಳ ಪುಸ್ತಕದಂಗಡಿಗಳ ಮುಂದಿನ ಸಾಲು ಬದಲಾಗುತ್ತದೆ. ಕತೆ, ಕಾದಂಬರಿಗಳು ಹಿಂದಕ್ಕೆ ಸರಿದು, ಸಿಇಟಿ ಮತ್ತು ನೀಟ್ ಗೆಲ್ಲುವ ಸೂತ್ರ ಹೇಳುವ ದಪ್ಪ ಗೈಡುಗಳು ಮುಂದೆ ಬಂದು ಕೂರುತ್ತವೆ. ಸಂಬಂಧಿಕರ ಹುಡುಗಿಯೊಬ್ಬಳಿಗೆ ಒಂದನ್ನು ಆರಿಸಿಕೊಡಬೇಕಾಗಿ ಬಂದಾಗ ಇಂಥ ಕೆಲವನ್ನು ನಾವು ಕೂತು ಓದಿದೆವು. ಕತೆ ಬರೆಯುವವರ ಚಾಳಿಯಂತೆ, ಇವುಗಳ ನಾಯಕ ಯಾರು ಎಂದು ಹುಡುಕುತ್ತಲೇ ಓದಿದೆವು.

ನಾಯಕ ಬೇಗನೆ ಸಿಕ್ಕಿದ. ಅವನು ಬೆಳಗಿನ ನಾಲ್ಕಕ್ಕೆ ಏಳುತ್ತಾನೆ. ಅವನಿಗೆ ತನ್ನದೇ ಕೋಣೆಯಿದೆ, ಮೇಜಿದೆ, ಗೋಡೆಯ ಮೇಲೆ ವೇಳಾಪಟ್ಟಿಯಿದೆ. ಒಂದನೇ ತರಗತಿಯಿಂದಲೂ ಇಂಗ್ಲಿಷಿನಲ್ಲೇ ಓದಿದ್ದಾನೆ. ಅವನ ಮನೆಗೆ ನೆಂಟರು ಬರುವುದಿಲ್ಲ. ಅವನ ಅಮ್ಮಿ ಬೀಡಿ ಕಟ್ಟುವುದಿಲ್ಲ. ತಮ್ಮನನ್ನು ಮಲಗಿಸುವ ಕೆಲಸ ಅವನದಲ್ಲ. ನಮ್ಮ ಹುಡುಗಿಯಾದರೋ ಏಳನೆಯವರೆಗೆ ಉರ್ದುವಿನಲ್ಲಿ, ಹೈಸ್ಕೂಲನ್ನು ಕನ್ನಡದಲ್ಲಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಿದವಳು. ಈ ಸಾವಿರ ಪುಟಗಳಲ್ಲಿ ಅವಳು ಎಲ್ಲಿಯೂ ಇಲ್ಲ.

ಗೈಡುಗಳು ಹೇಳುವುದೆಲ್ಲ ಸುಳ್ಳೆಂದು ನಮ್ಮ ಮಾತಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ ಎನ್ನುವ ಸಲಹೆ ಚಿನ್ನದಂಥದು. 1994ರಲ್ಲಿ ಆರಂಭವಾದ ನಮ್ಮ ಸಿಇಟಿಯಲ್ಲಿ ಈಗ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನೀಟ್ 2025ರಲ್ಲಿ ಮತ್ತೆ 180 ಪ್ರಶ್ನೆ, 180 ನಿಮಿಷಕ್ಕೆ ಮರಳಿತು. ಎಂದರೆ ಓದಿ, ಯೋಚಿಸಿ, ಓಎಂಆರ್ ಹಾಳೆಯ ವೃತ್ತ ತುಂಬಲು ಪ್ರಶ್ನೆಗೊಂದು ನಿಮಿಷ. ಈ ವೇಗ ಪರೀಕ್ಷೆಯ ದಿನ ಆಕಾಶದಿಂದ ಇಳಿದು ಬರುವುದಿಲ್ಲ.

ಆದರೆ ಇದೇ ಗೈಡುಗಳು ಧೈರ್ಯದ ವಿಷಯದಲ್ಲಿ ತಪ್ಪು ಪಾಠ ಹೇಳುತ್ತವೆ. ಖಚಿತವಿಲ್ಲದ ಪ್ರಶ್ನೆಯನ್ನು ಮುಟ್ಟಲೇಬೇಡಿ ಎನ್ನುತ್ತವೆ. ಲೆಕ್ಕ ಹಾಕಿ ನೋಡೋಣ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ಅಲ್ಲವೆಂದು ತಿಳಿದ ನಾಲ್ಕು ಪ್ರಶ್ನೆಗಳಿವೆ ಎನ್ನಿ. ಉಳಿದೆರಡರಲ್ಲಿ ಒಂದನ್ನು ಗುರುತಿಸುತ್ತಾ ಹೋದರೆ ಸರಾಸರಿ ಎರಡು ಸರಿ, ಎರಡು ತಪ್ಪು: ಎಂಟರಲ್ಲಿ ಎರಡು ಕಳೆದು ಆರು ಅಂಕ. ಖಾಲಿ ಬಿಟ್ಟರೆ ಸೊನ್ನೆ. ಸಿಇಟಿಯಲ್ಲಂತೂ ತಪ್ಪಿಗೆ ಕಡಿತವೇ ಇಲ್ಲ. ಅಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಮನೆಯಲ್ಲೂ ಶಾಲೆಯಲ್ಲೂ 'ಗೊತ್ತಿಲ್ಲದಿದ್ದರೆ ಸುಮ್ಮನಿರು' ಎಂದೇ ಕೇಳಿ ಬೆಳೆದ ಹೆಣ್ಣುಮಕ್ಕಳಿಗೆ ಈ ಲೆಕ್ಕವನ್ನು ಮೊದಲು ಕಲಿಸಬೇಕು. ಅರ್ಧ ತಿಳಿದದ್ದಕ್ಕೂ ಬೆಲೆಯಿದೆ ಎಂಬ ನಂಬಿಕೆ ಅವರಿಗೆ ಬೇಕು.

ಇನ್ನು ಭಾಷೆ. 2017ರಲ್ಲಿ ನೀಟ್ ಕನ್ನಡದಲ್ಲೂ 2018ರಲ್ಲಿ ಉರ್ದುವಿನಲ್ಲೂ ಬಂತು. ಅಭಿಮಾನದ ಮಾತೇನೋ ಸರಿ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲೇ ಪಾಠ ಕೇಳಿದವಳ ಕಣ್ಣಿಗೆ ಪರೀಕ್ಷೆಯ ಕೋಣೆಯಲ್ಲಿ 'ವೇಗೋತ್ಕರ್ಷ'ವೋ 'ಇಸ್ರಾ'ವೋ ಮೊದಲ ಬಾರಿಗೆ ಬಿದ್ದರೆ ತಾಯ್ನುಡಿಯೇ ಪರಭಾಷೆಯಾಗುತ್ತದೆ. ಪುಸ್ತಿಕೆಯಲ್ಲಿ ಇಂಗ್ಲಿಷ್ ಜೊತೆಗೇ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನದೇ ಅಂತಿಮ. ಹಾಗಾಗಿ ಅರ್ಜಿ ತುಂಬುವ ಮೊದಲೇ ಎರಡೂ ಬಗೆಯ ಪತ್ರಿಕೆಗಳನ್ನು ಬಿಡಿಸಿ ನೋಡಿ, ಕೈಗೆ ಒಗ್ಗಿದ್ದನ್ನು ಆರಿಸಬೇಕು.

ನಮ್ಮ ಮಕ್ಕಳು ಎಡವುವುದು ಹಲವು ಸಲ ವಿಷಯದಲ್ಲಲ್ಲ, ವಾಕ್ಯದಲ್ಲಿ. 'ಇವುಗಳಲ್ಲಿ ಸರಿಯಲ್ಲದ್ದು ಯಾವುದು' ಎಂಬಲ್ಲಿ 'ಅಲ್ಲ'ವನ್ನು ಹಾರಿಸಿಬಿಡುತ್ತಾರೆ. ಹೇಳಿಕೆ ಮತ್ತು ಕಾರಣದ ಪ್ರಶ್ನೆಗಳನ್ನು ನೋಡಿ. ಉಪ್ಪು ನೀರಿನಲ್ಲಿ ಕರಗುತ್ತದೆ, ಇದು ನಿಜ. ಸಮುದ್ರದ ನೀರು ಉಪ್ಪಾಗಿದೆ, ಇದೂ ನಿಜ. ಆದರೆ ಎರಡನೆಯದು ಮೊದಲನೆಯದಕ್ಕೆ ಕಾರಣವಲ್ಲ. ಇದನ್ನು ಪತ್ತೆ ಹಚ್ಚುವುದು ಓದಿನ ಕಲೆ. ಕತೆ, ಪತ್ರಿಕೆ ಓದುವುದನ್ನು 'ಟೈಂ ವೇಸ್ಟ್' ಎಂದು ನಿಲ್ಲಿಸಿ ಗೈಡು ಕೊಡಿಸುವ ಅಬ್ಬಾಗಳು ಇದನ್ನು ಗಮನಿಸಬೇಕು.

ಗೈಡುಗಳು ಹೊಸ ಸಂಶೋಧನೆಯೆಂಬಂತೆ ಮಾರುವ ಇನ್ನೊಂದು ಸೂತ್ರ, ಬಿಡುವು ಕೊಟ್ಟು ಮರಳಿ ಓದುವುದು. ಹಿಫ್ಝ್ ಮಾಡಿದ ಮಗು ಇದನ್ನು ಕೇಳಿದರೆ ನಕ್ಕೀತು. ಇಂದಿನ ಸಬಕ್, ಇತ್ತೀಚಿನ ಪಾಠದ ಸಬ್ಕಿ, ಹಳೆಯದರ ಮಂಝಿಲ್: ದಿನವೂ ಮೂರನ್ನೂ ಒಪ್ಪಿಸುವ ಕ್ರಮ ನಮ್ಮ ಮದ್ರಸಗಳಲ್ಲಿ ತಲೆಮಾರುಗಳಿಂದ ಇದೆ. ಅದನ್ನೇ ಜೀವಶಾಸ್ತ್ರಕ್ಕೆ ಅನ್ವಯಿಸಲು ಯಾರ ಅಪ್ಪಣೆ ಬೇಕು?

ಗೈಡುಗಳು ಮುಟ್ಟದ ಅಧ್ಯಾಯ ಕಾಗದಪತ್ರಗಳದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿಗೆ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು. ಇದು ನಮ್ಮ ಮನೆಮನೆಯ ಕತೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಪ್ರಮಾಣಪತ್ರ ತರದೆ ಇವನ್ನು ಕಳೆದುಕೊಳ್ಳುವವರು ಪರೀಕ್ಷೆಯಲ್ಲಿ ಸೋತವರಲ್ಲ, ಕಚೇರಿಯ ಕಿಟಕಿಯಲ್ಲಿ ಸೋತವರು. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕಗಳದೂ ಅರ್ಧ ಪಾಲಿದೆ ಎಂಬುದನ್ನು ಮರೆತು ಸಿಇಟಿಯೊಂದನ್ನೇ ನೆಚ್ಚುವವರದೂ ಇದೇ ಪಾಡು.

ತಂತ್ರಕ್ಕೂ ಒಂದು ಮಿತಿಯಿದೆ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಕೈಬಿಡಬೇಕಾಯಿತು. ಅದೇ ವರ್ಷ ನೀಟ್ ಪ್ರಶ್ನೆಪತ್ರಿಕೆ ಸೋರಿಕೆಯ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆದ್ದರಿಂದ ರ್‍ಯಾಂಕ್ ಬಾರದ ಮಗುವನ್ನು ಪೂರಾ ತಪ್ಪಿತಸ್ಥನಂತೆ ಕಾಣುವುದು ಅನ್ಯಾಯ. ಹಾಗೆಂದು ಎಲ್ಲವನ್ನೂ ತಖ್ದೀರ್ ಮೇಲೆ ಹಾಕುವುದೂ ಸರಿಯಲ್ಲ. ಅದು ಒಂಟೆಯನ್ನು ಕಟ್ಟದೆಯೇ ತವಕ್ಕುಲ್‌ನ ಮಾತಾಡಿದಂತೆ.

ನಮ್ಮ ಸಂಘಸಂಸ್ಥೆಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಗೆದ್ದವರಿಗೆ ಶಾಲು, ಫಲಕ, ಭಾಷಣ. ಗೆಲ್ಲುವ ಮೊದಲು ಆ ಮಕ್ಕಳಿಗೆ ಬೇಕಾಗಿದ್ದದ್ದು ಮೂರು ಗಂಟೆಯ ಮೌನ. ನೀಟ್ ನಡೆಯುವುದು ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ, ಹೆಚ್ಚುಕಡಿಮೆ ಝುಹರ್‌ಗೂ ಅಸರ್‌ಗೂ ನಡುವೆ. ಆ ಹೊತ್ತಿನಲ್ಲಿ ನಮ್ಮ ಎಷ್ಟು ಮಸೀದಿ, ಮದ್ರಸಗಳ ಮಹಡಿಯ ಕೋಣೆಗಳು ಖಾಲಿ ಬಿದ್ದಿರುತ್ತವೆ! ವಾರಕ್ಕೊಮ್ಮೆ ಅಲ್ಲಿ ಚಾಪೆ ಹಾಸಿ, ಹಳೆಯ ಪ್ರಶ್ನೆಪತ್ರಿಕೆ ಹಂಚಿ, ಗೋಡೆಗೆ ಒಂದು ಗಡಿಯಾರ ತೂಗುಹಾಕಿದರೆ ಸಾಕು. ಹೆಣ್ಣುಮಕ್ಕಳನ್ನೂ ಕೂರಿಸಬೇಕು.

ಆ ಹುಡುಗಿಗೆ ಕೊನೆಗೆ ನಾವು ಗೈಡು ಕೊಡಿಸಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಕೊಟ್ಟು, ಭಾನುವಾರದ ಮೂರು ಗಂಟೆ ಅವಳನ್ನು ಯಾವ ಕೆಲಸಕ್ಕೂ ಕರೆಯಬಾರದೆಂದು ಅವಳ ಅಮ್ಮಿಗೆ ಹೇಳಿ ಬಂದೆವು. ಎರಡನೆಯದನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು.