ನಕ್ಷೆಯಲ್ಲಿ ಬಿಟ್ಟ ಸ್ಥಳ: ಯೆರವಡಾದ ಒಂದು ವಸತಿ ಯೋಜನೆಯ ವಿಮರ್ಶೆ

ಯೆರವಡಾ ಎಂದೊಡನೆ ಓದುಬಲ್ಲ ಕನ್ನಡಿಗನ ನೆನಪಿಗೆ ಬರುವುದು ಅಲ್ಲಿಯ ಕಾರಾಗೃಹ, 1932ರ ಉಪವಾಸ, ಪುಣೆ ಒಪ್ಪಂದ. ಅದೇ ಯೆರವಡಾದ ಇಕ್ಕಟ್ಟಾದ ಓಣಿಗಳಲ್ಲಿ ಈ ಶತಮಾನದಲ್ಲಿ ಮತ್ತೊಂದು ಒಪ್ಪಂದಕ್ಕೆ ಪ್ರಯತ್ನ ನಡೆಯಿತು. ಅದು ಮನೆಯ ನಕ್ಷೆಗೂ ಆ ಮನೆಯಲ್ಲಿ ಬಾಳತಕ್ಕವರ ಜೀವನಕ್ಕೂ ನಡುವಣ ಒಪ್ಪಂದ. ಅದು ಎಷ್ಟರಮಟ್ಟಿಗೆ ಕೂಡಿಬಂದಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

2005ರಲ್ಲಿ ಆರಂಭವಾದ ನೆಹರೂ ನಗರ ನವೀಕರಣ ಅಭಿಯಾನದ ಹಣದಿಂದ ನೇತಾಜಿನಗರ, ಮದರ್ ತೆರೇಸಾ ನಗರ, ವಡಾರವಸ್ತಿ ಮೊದಲಾದ ಕೇರಿಗಳಲ್ಲಿ ಕಚ್ಚಾ ಮನೆಗಳನ್ನು ಇದ್ದಲ್ಲಿಯೇ ಪುನಃ ಕಟ್ಟುವ ಕಾರ್ಯವನ್ನು ಪುಣೆ ಮಹಾನಗರಪಾಲಿಕೆ ಕೈಗೊಂಡಿತು. ವೆಚ್ಚದ ಹತ್ತನೆಯ ಒಂದು ಪಾಲನ್ನು ಮನೆಯವರೇ ಭರಿಸಬೇಕಾಗಿತ್ತು. ಸ್ಪಾರ್ಕ್ ಸಂಸ್ಥೆ, ಮಹಿಳಾ ಮಿಲನದ ಹೆಂಗಸರು ಹಾಗೂ ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ಕೂಡಿ ದುಡಿದರು. ಮನೆಯ ಅಳತೆ ಸುಮಾರು 270 ಚದರ ಅಡಿ. ನೆರೆಹೊರೆ ಚದುರಲಿಲ್ಲ, ಗಟ್ಟಿಯಾಗಿದ್ದ ಮನೆಗಳಿಗೆ ಕೈ ಹಚ್ಚಲಿಲ್ಲ.

ಈ ಯೋಜನೆಯ ಸ್ವಾರಸ್ಯವೆಲ್ಲ ಮೊದಲಲ್ಲಿ ರೂಪಿಸಿದ ಮೂರು ಮಾದರಿಗಳಲ್ಲಿದೆ. ಒಂದು, ಮೂರು ಅಂತಸ್ತಿನ ಭಾರ ಹೊರಬಲ್ಲ ಎರಡಂತಸ್ತಿನ ಮನೆ. ಎರಡನೆಯದು ಕಂಬಗಳ ಮೇಲೆ ನಿಂತದ್ದು. ಕೆಳಗಿನ ತೆರಪಿನಲ್ಲಿ ಮುಂದೆ ಅಂಗಡಿ ಹಾಕಿಕೊಳ್ಳಬಹುದು. ಮೂರನೆಯದರಲ್ಲಿ ನಡುವಿನ ಅಂತಸ್ತೇ ಖಾಲಿ; ಅದು ಪಡಸಾಲೆಯೂ ಆದೀತು, ಕೆಲಸದ ಕೋಣೆಯೂ ಆದೀತು. ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣ ಇದೇ. ಹೇಳಬೇಕಾದುದನ್ನು ಹೇಳಿ, ಬಿಡಬೇಕಾದುದನ್ನು ಬಿಟ್ಟಿರುವುದು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ ಇಟ್ಟುಕೊಂಡು ಬಾಳಿದ ಹುಬ್ಬಳ್ಳಿ, ಬೆಳಗಾವಿಯ ಪೇಟೆಗಳನ್ನು ಬಲ್ಲವರಿಗೆ ಈ ಕಲ್ಪನೆ ಅಪರಿಚಿತವಲ್ಲ.

ಆದರೆ ನಕ್ಷೆ ಬಿಟ್ಟುಕೊಟ್ಟ ಸ್ಥಳವನ್ನು ಕಾನೂನು ಬಿಟ್ಟುಕೊಟ್ಟಿದೆಯೆ? 1966ರ ಮಹಾರಾಷ್ಟ್ರ ಪ್ರಾದೇಶಿಕ ಹಾಗೂ ನಗರ ಯೋಜನಾ ಅಧಿನಿಯಮದಂತೆ ಗೋಡೆ ಎಬ್ಬಿಸುವುದು ಮಾತ್ರವಲ್ಲ, ಕಟ್ಟಡದ ಉಪಯೋಗವನ್ನು ಗಣನೀಯವಾಗಿ ಬದಲಿಸುವುದೂ ‘ಅಭಿವೃದ್ಧಿ’ಯೇ, ಅದಕ್ಕೂ ಅನುಮತಿ ಬೇಕು. ಅನುಮತಿಯ ಮೂಲ ಅವಧಿ ಒಂದು ವರ್ಷ. ವಿಸ್ತರಣೆಯೂ ಮೂರು ವರ್ಷ ಮೀರುವಂತಿಲ್ಲ. ಬಡವನ ಮನೆಯಾದರೋ ಮಗನ ಮದುವೆಗೊಂದು ಕೋಣೆ, ಮೊಮ್ಮಗನಿಗೊಂದು ಅಂತಸ್ತು ಎಂದು ತಲೆಮಾರಿನುದ್ದಕ್ಕೂ ಬೆಳೆಯುತ್ತದೆ. 2020ರ ಡಿಸೆಂಬರಿನ ಏಕೀಕೃತ ನಿಯಮಾವಳಿಯಾದರೂ ವಾಸ, ವ್ಯಾಪಾರ ಕೂಡಿದ ಕಟ್ಟಡಕ್ಕೆ ರಸ್ತೆಯ ಅಗಲವನ್ನೇ ಅಳತೆಗೋಲಾಗಿಸಿದೆ: ದಟ್ಟ ಪ್ರದೇಶದ ಹೊರಗೆ 12 ಮೀಟರಿಗಿಂತ ಕಿರಿದಾದ ರಸ್ತೆಯಲ್ಲಿ ವ್ಯಾಪಾರದ ಅವಕಾಶ ಸಂಕುಚಿತವಾಗುತ್ತದೆ. ಹೀಗಾಗಿ ನಗರ ರಸ್ತೆಯ ಬದಿಯ ಬಹುಮಹಡಿ ಕಟ್ಟಡದಲ್ಲಿ ಕೆಳಗೆ ಮಳಿಗೆ, ಮೇಲೆ ಮನೆ ಇದ್ದರೆ ಅದು ನಗರಯೋಜನೆ. ಓಣಿಯ ಹೊಲಿಗೆಯಂತ್ರವೂ ಕಿರಾಣಿಯ ಹಲಗೆಯೂ ಎಷ್ಟೋ ಸಲ ಲೆಕ್ಕಕ್ಕೆ ಬಾರದ ವ್ಯವಹಾರ.

ಈ ದೋಷ ಹೆಸರಿನದು ಮಾತ್ರವಲ್ಲ. ಗೃಹಸಾಲಕ್ಕೆ ಬಂದವರಿಂದ ಬ್ಯಾಂಕು ಕೇಳುವುದು ಎರಡನ್ನು: ಹಕ್ಕುಪತ್ರ, ಮಂಜೂರಾದ ನಕ್ಷೆ. ಮಂಜೂರಾತಿಯಿಲ್ಲದ ಅಂತಸ್ತಿಗೆ ಅಡಮಾನದ ಬೆಲೆಯಿಲ್ಲ. ಆಗ ಉಳಿಯುವುದು ಕೈಗಡ ಮತ್ತು ಲೇವಾದೇವಿಗಾರನ ಬಡ್ಡಿ. ವಾಸ್ತುಶಿಲ್ಪಿ ಔದಾರ್ಯದಿಂದ ಬಿಟ್ಟ ತೆರಪು ಸಾಲದ ಬಾಗಿಲಲ್ಲಿ ಮುಚ್ಚಿಹೋಗುತ್ತದೆ.

ನಿಯಮಗಳೆಲ್ಲ ನಿರರ್ಥಕವೆಂದು ಇದರಿಂದ ಸಾಧಿಸಲಾಗದು. ಬೆಂಕಿ ಬಿದ್ದಾಗ ಬಂಬಿನ ಗಾಡಿ ಒಳಗೆ ಬರಬೇಕು. ನೆರೆಯವನ ಬೆಳಕಿಗೆ ಅಡ್ಡಿಯಾಗಬಾರದು. ಚರಂಡಿ ಹೊರೆ ತಾಳಬೇಕು. ಓಣಿ ಕಿರಿದಾದಷ್ಟೂ ಈ ಎಚ್ಚರ ಹೆಚ್ಚಾಗಿ ಬೇಕು. ಆದುದರಿಂದಲೇ ಮುಂದಿನ ಬೆಳವಣಿಗೆಯನ್ನು ಕಾಣದಂತೆ ನಟಿಸುವುದಕ್ಕಿಂತ ಮೊದಲೇ ಬರೆದಿಡುವುದು ಲೇಸು. ಎಷ್ಟು ಅಂತಸ್ತಿನ ಭಾರಕ್ಕೆ ಕಂಬ ಹಾಕಿದೆ, ಕೆಳಗೆ ಯಾವ ಯಾವ ಕಸುಬು ನಡೆಯಬಹುದು ಎಂಬುದನ್ನು ಮೂಲ ಅನುಮತಿಯಲ್ಲೇ ನಮೂದಿಸಿ, ಪ್ರತಿ ಹಂತದಲ್ಲಿ ಪರೀಕ್ಷೆಯನ್ನು ಮಾತ್ರ ಉಳಿಸಿಕೊಂಡರೆ ಕಾನೂನಿನ ಎಚ್ಚರವೂ ಉಳಿದೀತು, ಮನೆಯೂ ಬೆಳೆದೀತು.

ವಡಾರವಸ್ತಿ ಎಂಬ ಹೆಸರಿನಲ್ಲಿ ಕನ್ನಡದ ಕಿವಿಗೆ ವಡ್ಡರ ಓಣಿ ಕೇಳಿಸುತ್ತದೆ. ಕಲ್ಲೊಡೆದು ಅನ್ಯರ ಊರುಗಳನ್ನು ಕಟ್ಟಿಕೊಟ್ಟ ಕುಲದ ಹೆಸರದು. ಆ ಹೆಸರಿನ ಕೇರಿಯಲ್ಲಿ ಮನೆ ಕಟ್ಟುವ ಕೌಶಲಕ್ಕೆ ಕೊರತೆಯಿಲ್ಲ. ಕಟ್ಟಿದ್ದನ್ನು ಮನೆಯೆಂದು ಒಪ್ಪುವ ಒಂದು ಸಹಿ ಮಾತ್ರ ಬಾಕಿಯಿದೆ.