ಗೋಡೆಯ ಕಲೆ, ಬಯಲ ಕಲೆ

ಕನ್ನಡದಲ್ಲಿ 'ಪ್ರದರ್ಶನ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಚಿತ್ರಗಳನ್ನು ಗೋಡೆಗೆ ತೂಗುಹಾಕಿ ನಾಲ್ಕು ಜನಕ್ಕೆ ತೋರಿಸುವುದೂ ಪ್ರದರ್ಶನವೇ. ರಾತ್ರಿ ಬಯಲಿನಲ್ಲಿ ಅಟ್ಟ ಕಟ್ಟಿ, ಬಣ್ಣ ಬಳಿದುಕೊಂಡು, ಬೆಳಗಿನವರೆಗೆ ಕುಣಿಯುವುದೂ ಪ್ರದರ್ಶನವೇ. ಎರಡಕ್ಕೂ ಬೇರೆ ಬೇರೆ ಮಾತುಗಳಿಲ್ಲದಿರುವುದು ಭಾಷೆಯ ಬಡತನವೆಂದು ಕೆಲವರು ಹೇಳಿಯಾರು. ನನಗೆ ಹಾಗೆ ತೋರುವುದಿಲ್ಲ. ತೋರಿಸಿದ ವಸ್ತುವೂ ತೋರಿಸುವ ಕ್ರಿಯೆಯೂ ಒಂದೇ ಎಂಬ ತಿಳಿವಳಿಕೆ ಆ ಮಾತಿನೊಳಗೆ ಅಡಗಿದೆ. ಆ ತಿಳಿವಳಿಕೆಯನ್ನು ನಮ್ಮ ಕಲಾವಿದರ ಸಂಘಗಳು ಇತ್ತೀಚೆಗೆ ಮರೆಯುತ್ತಿವೆಯೆಂಬುದೇ ಈ ಲೇಖನದ ತಕರಾರು.

ವರ್ಷಕ್ಕೊಮ್ಮೆ ಕಲಾವಿದರು ಒಂದೆಡೆ ಸೇರಿ ಚಿತ್ರಪ್ರದರ್ಶನವನ್ನೂ ಪ್ರಾತ್ಯಕ್ಷಿಕೆಯನ್ನೂ ಏರ್ಪಡಿಸುವ ರೂಢಿ ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ಬೆಳೆದಿದೆ. ಇದು ಸಂತೋಷದ ಸಂಗತಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯು ಚಿತ್ರವೂ ಬೀದಿಗೆ ಬಂದು ಮಾರಾಟವಾಗಬಲ್ಲುದೆಂಬ ಧೈರ್ಯವನ್ನು ಸಣ್ಣ ಊರಿನ ಕಲಾವಿದರಿಗೆ ಕೊಟ್ಟಿತು. ಆದರೆ ಇಂಥ ಮೇಳಗಳಿಗೆಲ್ಲ ಒಂದೇ ಅಚ್ಚು. ಬೆಳಿಗ್ಗೆ ಹತ್ತಕ್ಕೆ ದೀಪ ಬೆಳಗುವುದು, ಭಾಷಣ, ಹಾರ, ಶಾಲು. ಆಮೇಲೆ ಹಿರಿಯ ಕಲಾವಿದರೊಬ್ಬರು ಅತಿಥಿಯನ್ನು ಕುರ್ಚಿಯಲ್ಲಿ ಕೂರಿಸಿ ಅರ್ಧ ಗಂಟೆಯಲ್ಲಿ ಭಾವಚಿತ್ರ ಬರೆದು ತೋರಿಸುವುದು. ಜನ ಚಪ್ಪಾಳೆ ತಟ್ಟುವುದು. ಕೈಯ ಚಳಕ ಮೆಚ್ಚತಕ್ಕದ್ದೇ, ಸಂದೇಹವಿಲ್ಲ. ಆದರೆ ನೋಡಿದವನಿಗೆ ಗೊತ್ತಾಗುವುದು ಎಷ್ಟು ಬೇಗ ಬರೆದರೆಂಬುದೇ ಹೊರತು, ಏಕೆ ಬರೆದರೆಂಬುದಲ್ಲ.

ಬಳ್ಳಾರಿ ಸೀಮೆಯ ಮಟ್ಟಿಗೆ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿದೆ. ಇಲ್ಲಿಯ ಚಿತ್ರಗಾರರ ಕುಂಚ ಬಹುಕಾಲದಿಂದ ಹಂಪಿಯ ಕಲ್ಲಿನ ರಥದ ಸುತ್ತ ಸುತ್ತುತ್ತಿದೆ. ಸೂರ್ಯೋದಯದ ರಥ, ಸೂರ್ಯಾಸ್ತದ ರಥ, ಮಳೆಯಲ್ಲಿ ನೆನೆದ ರಥ! 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹಂಪಿ ಅತ್ತ ಹೋಯಿತು. ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು. ಕಲೆಗೆ ಜಿಲ್ಲೆಯ ಗಡಿ ಇಲ್ಲವೆಂಬುದು ನಿಜ. ಆದರೂ ನಕ್ಷೆ ಬದಲಾದಾಗ ಮನುಷ್ಯ ತನ್ನ ಮನೆಯೊಳಗೆ ಏನಿದೆಯೆಂದು ಒಮ್ಮೆ ಹುಡುಕುವುದು ಸಹಜ. ಹುಡುಕಿದರೆ ಇಲ್ಲಿ ಇರುವುದು ಕಡಿಮೆಯೇನೂ ಅಲ್ಲ.

ಮೊದಲನೆಯದು ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳು. ಊರಿನಿಂದ ಕೆಲವೇ ಮೈಲಿ. ನವಶಿಲಾಯುಗದ ಜನ ಅಲ್ಲಿಯ ಕರಿಕಲ್ಲಿನ ಮೇಲೆ, ಕಲ್ಲಿನಿಂದಲೇ ಜಜ್ಜಿ, ಇಣಿಯುಳ್ಳ ಎತ್ತುಗಳನ್ನು ಮೂಡಿಸಿದರು. 1892ರಷ್ಟು ಹಿಂದೆಯೇ ಇಂಗ್ಲಿಷರು ಇದನ್ನು ಗುರುತಿಸಿ ಬರೆದಿದ್ದರು. ಆಮೇಲೆ ವಿದ್ವಾಂಸರು ಬಹಳ ಕಾಲ ಮರೆತೇಬಿಟ್ಟರು. 2002ರಲ್ಲಿ ನಿಕೋಲ್ ಬೊಯ್‌ವಿನ್ ಎಂಬ ಸಂಶೋಧಕಿ ಮತ್ತೆ ಹುಡುಕಿ ನೋಡಿ ಒಂದು ಸೋಜಿಗವನ್ನು ಲೋಕಕ್ಕೆ ತಿಳಿಸಿದರು: ಅಲ್ಲಿಯ ಕೆಲವು ಬಂಡೆಗಳ ಮೇಲೆ ಬಡಿದು ಬಡಿದು ಸವೆದ ಕುಳಿಗಳಿವೆ; ಅವುಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊರಡುತ್ತದೆ. ಕೆಲವು ಚಿತ್ರಗಳಂತೂ ಮನುಷ್ಯ ನೇತಾಡಿಕೊಂಡೇ ಕೊರೆದಿರಬೇಕಾದ ಎಡೆಯಲ್ಲಿವೆ. ಹಾಗಾದರೆ ಆ ಕಲಾವಿದನಿಗೆ ಚಿತ್ರ ಮುಖ್ಯವಾಗಿತ್ತೋ, ಕೊರೆಯುವ ಸಾಹಸ ಮುಖ್ಯವಾಗಿತ್ತೋ, ಕೊರೆಯುವಾಗ ಎದ್ದ ಸದ್ದು ಮುಖ್ಯವಾಗಿತ್ತೋ? ಮೂರನ್ನೂ ಅವನು ಬೇರ್ಪಡಿಸಿರಲಾರನೆಂದು ನನಗನಿಸುತ್ತದೆ. ಈ ಸೀಮೆಯ ಮೊದಲ ಚಿತ್ರಪ್ರದರ್ಶನ ಅದೇ. ಮೊದಲ ಪ್ರಾತ್ಯಕ್ಷಿಕೆಯೂ ಅದೇ.

ಎರಡನೆಯದು ತೊಗಲುಗೊಂಬೆ. ಮೇಕೆಯ ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಚಿತ್ರ ಬರೆದು, ಉಳಿಯಿಂದ ಸಣ್ಣ ಸಣ್ಣ ತೂತುಗಳನ್ನು ಕೊರೆದು, ಬಣ್ಣ ಹಾಕಿ, ನಡುವೆ ಬಿದಿರಿನ ಸೀಳು ಕಟ್ಟುತ್ತಾರೆ. ಆ ತೂತುಗಳೇ ಸೀತೆಯ ಒಡವೆ, ರಾವಣನ ಕಿರೀಟದ ರತ್ನ. ಆದರೆ ಅವು ರತ್ನವಾಗುವುದು ಹಿಂದೆ ದೀಪವಿದ್ದಾಗ ಮಾತ್ರ. ಇದೇ ಗೊಂಬೆಗೆ ಚೌಕಟ್ಟು ಹಾಕಿ, ಗಾಜು ಬಿಗಿದು, ಗೋಡೆಗೆ ಒರಗಿಸಿ, ಮುಂದಿನಿಂದ ವಿದ್ಯುದ್ದೀಪ ಬೀರಿದರೆ ಏನಾಗುತ್ತದೆ? ರತ್ನವಿದ್ದಲ್ಲಿ ತೂತು ಕಾಣುತ್ತದೆ! ನಮ್ಮ ಎಷ್ಟೋ ಪ್ರದರ್ಶನಗಳಲ್ಲಿ ಆಗುತ್ತಿರುವುದು ಇದೇ. ನೋಡುವವರು "ಹಳೆಯ ಕಾಲದ್ದು, ಪಾಪ" ಎಂದು ಮುಂದಕ್ಕೆ ಹೋಗುತ್ತಾರೆ. ತಪ್ಪು ಗೊಂಬೆಯದಲ್ಲ, ಗೊಂಬೆ ಮಾಡಿದವನದೂ ಅಲ್ಲ. ದೀಪವನ್ನು ತಪ್ಪಾದ ಕಡೆ ಇಟ್ಟವರದು.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ನಾಟಕದ ರಂಗದಿಂದ ಗೊಂಬೆಯ ಪರದೆಗೆ ಬಂದ ಅವರು ರಾಮಾಯಣದ ಜೊತೆಗೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿನಲ್ಲಿ ಕೊರೆಸಿ ಆಡಿಸಿದರು. ಗೊಂಬೆ ಹಳೆಯದು, ಕಥೆ ಹೊಸದು. ದೀಪ ಮಾತ್ರ ಇದ್ದಲ್ಲೇ ಇತ್ತು. 2023ರ ಏಪ್ರಿಲಿನಲ್ಲಿ, ತೊಂಬತ್ತರ ಇಳಿವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೂ ತೊಂಬತ್ತು ದಾಟಿತ್ತು. ಪ್ರಶಸ್ತಿ ಬಂದುದಕ್ಕೆ ಹಿಗ್ಗೋಣ. ಆದರೆ ಒಂದು ಕಲೆಯ ಹೆಸರು ಹೇಳಿದಾಗ ನೆನಪಾಗುವವರೆಲ್ಲ ತೊಂಬತ್ತರ ಆಚೆಯವರಾದರೆ ಅದು ಚಿಂತಿಸತಕ್ಕ ಮಾತು. ಗಡಿಯಾಚೆ, ಆಂಧ್ರದ ಧರ್ಮವರಂ ಬಳಿಯ ನಿಮ್ಮಲಕುಂಟೆಯಲ್ಲಿ ಇದೇ ಚರ್ಮದ ಕೆಲಸದಿಂದ ದೀಪದ ಮುಸುಕುಗಳನ್ನು ಮಾಡಿ ಮಾರುತ್ತಾರೆ. ಹೊಟ್ಟೆ ತುಂಬುತ್ತದೆ, ಕೈಯ ಕಸುಬೂ ಉಳಿಯುತ್ತದೆ, ನಾನದನ್ನು ಹೀಗಳೆಯಲಾರೆ. ಅಲ್ಲಿ ದೀಪ ಉಳಿಯಿತು, ಕಥೆ ಹೊರಗೆ ನಿಂತಿತು. ನಮ್ಮ ಪ್ರದರ್ಶನಗಳಲ್ಲಿ ಕಥೆಯೂ ಇಲ್ಲ, ದೀಪವೂ ಇಲ್ಲ.

ಮೂರನೆಯದು ಸಿರುಗುಪ್ಪದ ಕಡೆಯ ಬಯಲಾಟ. ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಆ ನಾಡಿನಲ್ಲಿ ಗದ್ದೆಯ ಕೆಲಸಕ್ಕೆ ಬಿಡುವಾದಾಗ ಆಟದ ಮಾಸ್ತರು ಊರಿಗೆ ಬರುತ್ತಾನೆ. ತಿಂಗಳುಗಟ್ಟಲೆ ತಾಲೀಮು. ಹಗಲು ಒಕ್ಕಲುತನ ಮಾಡಿದವನೇ ರಾತ್ರಿ ದುರ್ಯೋಧನ. ತನ್ನ ಪಾತ್ರಕ್ಕೆ ತಾನೇ ವಂತಿಗೆಯನ್ನೂ ಕೊಡುತ್ತಾನೆ. ಭುಜಕೀರ್ತಿ, ಎದೆಕಟ್ಟು, ಕಿರೀಟ, ಮುಖದ ಬಣ್ಣ, ಇವೆಲ್ಲ ಚಿತ್ರಕಲೆಯೇ ಅಲ್ಲವೆ? ಒಂದು ಮುಖದ ಮೇಲೆ ಕೆಂಪು ಎಲ್ಲಿ ನಿಲ್ಲಬೇಕು, ಕಪ್ಪು ಎಲ್ಲಿ ಏಳಬೇಕು, ಇಪ್ಪತ್ತು ಮಾರು ದೂರದಲ್ಲಿ ಕೂತ ಮುದುಕಿಗೂ ಹುಬ್ಬಿನ ಸಿಟ್ಟು ಹೇಗೆ ಕಾಣಬೇಕು ಎಂಬ ಲೆಕ್ಕ ಬಣ್ಣ ಬಳಿಯುವವನಿಗೆ ಗೊತ್ತು. ಆ ಲೆಕ್ಕವನ್ನು ಚಿತ್ರಕಲಾ ಶಾಲೆಯ ಹುಡುಗ ಒಂದು ರಾತ್ರಿ ಚೌಕಿಯಲ್ಲಿ ಕೂತು ನೋಡಿದರೆ ಅವನು ಕಲಿಯುವುದು ಬಹಳವಿದೆ. ಆದರೆ ನಮ್ಮ ಮೇಳಗಳಲ್ಲಿ ಬಯಲಾಟದವರಿಗೆ ಸಿಕ್ಕುವ ಕೆಲಸವೇನು? ಅತಿಥಿಗಳನ್ನು ಬಾಗಿಲಿನಿಂದ ವೇದಿಕೆಗೆ ಕರೆತರುವ ಮೆರವಣಿಗೆ. ವೇಷ ಕಟ್ಟಿಕೊಂಡ ಭೀಮಸೇನ ಬಿಸಿಲಿನಲ್ಲಿ ಕಾದು ನಿಂತು, ಮಂತ್ರಿಗಳು ಬಂದ ಮೇಲೆ ನಾಲ್ಕು ಹೆಜ್ಜೆ ಕುಣಿದು, ಚಹಾ ಕುಡಿದು ಬಸ್ಸು ಹತ್ತುತ್ತಾನೆ. ಇದು ಕಲೆಗೆ ಮಾಡುವ ಗೌರವವೆಂದು ನಾನು ಒಪ್ಪಲಾರೆ.

ಇದಕ್ಕೆ ಚಿತ್ರಗಾರರು ಒಂದು ಆಕ್ಷೇಪಣೆ ಎತ್ತಬಹುದು. "ನಾವು ಈ ಕಾಲದವರು, ನಮ್ಮ ಚಿತ್ರಕ್ಕೆ ನಮ್ಮದೇ ಆದ ಪ್ರಶ್ನೆಗಳಿವೆ. ಜಾನಪದದ ಹೆಸರಿನಲ್ಲಿ ನಮ್ಮನ್ನೇಕೆ ಹಿಂದಕ್ಕೆ ಎಳೆಯುತ್ತೀರಿ?" ಮಾತು ನ್ಯಾಯವಾಗಿದೆ. ಗೊಂಬೆಯನ್ನು ನೋಡಿ ಗೊಂಬೆಯಂತೆಯೇ ಬರೆಯಿರೆಂದು ನಾನು ಹೇಳುತ್ತಿಲ್ಲ; ಅಂಥ ಅನುಕರಣೆ ಕಲ್ಲಿನ ರಥಕ್ಕಿಂತ ಬೇಗ ಬೇಸರ ತರುತ್ತದೆ. ನಾನು ಕೇಳುವುದು ಇಷ್ಟೇ: ಒಂದು ಸೀಮೆಯ ಕಲಾವಿದರು ಸೇರಿದಾಗ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಬೇಡವೆ? ಬಳ್ಳಾರಿ ರಾಘವರು (1880–1946) ವೃತ್ತಿಯಲ್ಲಿ ವಕೀಲರು. ಕನ್ನಡ, ತೆಲುಗು, ಇಂಗ್ಲಿಷ್ ಬಲ್ಲವರು. ಯೂರೋಪನ್ನು ಕಂಡು ಬಂದವರು. ಇಷ್ಟೆಲ್ಲ ಇದ್ದೂ ಅವರು ರಂಗಕ್ಕೆ ಬಂದಾಗ ಊರಿನ ನಟರ ಜೊತೆ ನಿಂತು ಆಡಿದರು. ಹೊಸತನಕ್ಕೂ ನೆರೆಹೊರೆಗೂ ಜಗಳವಿಲ್ಲವೆಂಬುದಕ್ಕೆ ಬಳ್ಳಾರಿಯಲ್ಲೇ ಸಾಕ್ಷಿಯಿದೆ.

ಇನ್ನು ಕಾಲ, ಸ್ಥಳಗಳ ಮಾತು. ವಸಂತವೆಂದರೆ ಕವಿಗಳಿಗೆ ಕೋಗಿಲೆ. ಬಳ್ಳಾರಿಯವರಿಗೆ 40 ಡಿಗ್ರಿ ಬಿಸಿಲು. ಹಗಲು ಹತ್ತರಿಂದ ಐದರವರೆಗೆ, ಕಚೇರಿಯ ವೇಳೆಯಂತೆ, ಪ್ರದರ್ಶನ ತೆರೆದಿಟ್ಟು "ಜನ ಬರಲಿಲ್ಲ" ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಜಲವರ್ಣ ಬರೆದು ತೋರಿಸುವವನ ಬಣ್ಣ ಕಾಗದ ಮುಟ್ಟುವ ಮೊದಲೇ ಆರುತ್ತದೆ. ಬಯಲಾಟವೂ ಗೊಂಬೆಯಾಟವೂ ರಾತ್ರಿಯ ಕಲೆಗಳಾದದ್ದು ಬರಿಯ ಬೆಡಗಿಗಲ್ಲ. ನೆಲದ ಬಿಸಿ ಆರಿದ ಮೇಲೆಯೇ ಮನುಷ್ಯನಿಗೆ ನೋಡುವ ವ್ಯವಧಾನ ಬರುವುದು. ಚಿತ್ರಪ್ರದರ್ಶನವೂ ಸಂಜೆ ಆರಕ್ಕೆ ತೆರೆದು ನಡುರಾತ್ರಿಯವರೆಗೆ ಏಕಿರಬಾರದು?

ಸ್ಥಳಕ್ಕೆ ಕುರುಗೋಡೇ ಉತ್ತರ ಹೇಳುತ್ತದೆ. ಸಿಂದ ಅರಸರ ಆ ಹಳೆಯ ರಾಜಧಾನಿಯಲ್ಲಿ ಬೆಟ್ಟದ ಬುಡಕ್ಕೆ ಚಾಲುಕ್ಯರ ಕಾಲದ ಗುಡಿಗಳಿವೆ. ದೊಡ್ಡಬಸವೇಶ್ವರನ ಗುಡಿಯಲ್ಲಿ ಆಳೆತ್ತರವನ್ನು ಮೀರಿದ ನಂದಿಯಿದೆ. ಹೋಳಿ ಹುಣ್ಣಿಮೆಯ ತೇರಿಗೆ ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿ ನೆರೆಯುತ್ತವೆ. ಕುಪ್ಪಗಲ್ಲಿನ ಬಂಡೆಯ ಮೇಲಿನ ಎತ್ತು ಅಲ್ಲಿಗೆ ಬರುವಷ್ಟರಲ್ಲಿ ಬಸವಣ್ಣನಾಗಿದೆ. ಸಾವಿರಾರು ವರ್ಷ ಈ ಸೀಮೆಯ ಕೈ ಬಿಡದೆ ಕೊರೆದ ರೂಪ ಅದೊಂದೇ ಇರಬಹುದು. ಅಂಥ ಜಾತ್ರೆಯ ಅಂಗಳದಲ್ಲಿ, ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನ ಕೊನೆಗೆ, ಚಿತ್ರಗಾರರ ಒಂದು ಚಪ್ಪರ ಎದ್ದರೆ ಜನರನ್ನು ಕರೆಯುವ ಅಗತ್ಯವೇ ಇಲ್ಲ. ಅಲ್ಲಿ ಚಿತ್ರವೂ ತೂಗಲಿ. ಅದರ ಪಕ್ಕದಲ್ಲಿ ಚರ್ಮ ಕೊರೆಯುವವನೂ ಕೂರಲಿ, ಮುಖಕ್ಕೆ ಬಣ್ಣ ಬರೆಯುವವನೂ ಕೂರಲಿ. ಪ್ರಾತ್ಯಕ್ಷಿಕೆಗೆ ಅರ್ಧ ಗಂಟೆಯ ಬದಲು ಇಡೀ ರಾತ್ರಿ ಸಿಕ್ಕಲಿ. ಅವರಿಗೆ ಶಾಲು ಹೊದಿಸುವುದಕ್ಕಿಂತ ಕೂಲಿಯನ್ನು ಸರಿಯಾಗಿ ಕೊಡಲಿ.

ಹೀಗೆ ಮಾಡಿದರೆ ಕಲೆ ಉಳಿದೇ ಉಳಿಯುತ್ತದೆಯೇ ಎಂದು ಕೇಳಿದರೆ ಭರವಸೆ ಕೊಡುವ ಶಕ್ತಿ ವಿಮರ್ಶಕನಿಗಿಲ್ಲ. ಗೊಂಬೆ ಕುಣಿಸಲು ಹುಡುಗರು ಮುಂದೆ ಬರುವುದು, ಬಿಡುವುದು, ಅದರಿಂದ ಅವರ ಮನೆಯ ಒಲೆ ಉರಿಯುವುದನ್ನು ಅವಲಂಬಿಸಿದೆ. ಆದರೆ ಕಲಿಯಲು ಮನಸ್ಸಾಗಬೇಕಾದರೆ ಮೊದಲು ಅದನ್ನು ಅದರ ನಿಜವಾದ ಬೆಳಕಿನಲ್ಲಿ ಒಮ್ಮೆಯಾದರೂ ಕಂಡಿರಬೇಕು. ಅಷ್ಟನ್ನು ಮಾಡಿಕೊಡುವುದು ಸಂಘಗಳ ಕೈಯಲ್ಲಿದೆ. ಮುಂದಿನ ವಸಂತಕ್ಕೆ ಅವರು ದೊಡ್ಡ ಖರ್ಚನ್ನೇನೂ ಮಾಡಬೇಕಾಗಿಲ್ಲ. ಒಂದು ಬಿಳಿಯ ಪಂಚೆಯನ್ನು ಬಿಗಿದು ಕಟ್ಟಿ, ದೀಪವನ್ನು ಅದರ ಹಿಂದಕ್ಕೆ ಇಟ್ಟರೆ ಆರಂಭಕ್ಕೆ ಸಾಕು.